ಸುದ್ದಿಗೆ ಮೊದಲು ಕಾಫಿ

ಒಮಾನಿಗೆ ಹೋಗಿ ಬಂದವನಿಗೆ ಊರಿನಲ್ಲಿ ಎರಡೇ ಪ್ರಶ್ನೆ. ಸೆಖೆ ಹೇಗಿತ್ತು, ಚಿನ್ನ ತಂದಿರಾ. ನಾನು ಹೋದದ್ದು ಚಳಿಗಾಲದಲ್ಲಾದ್ದರಿಂದ ಸೆಖೆಯ ಬಗ್ಗೆ ನನ್ನ ಸಾಕ್ಷ್ಯ ನಿಲ್ಲುವಂಥದ್ದಲ್ಲ. ಚಿನ್ನ ತಂದಿಲ್ಲ. ತಂದದ್ದು ಕಡ್ಡಿ ಮುರಿದ ಕೊಡೆಯೊಂದನ್ನು. ಅದೂ ಇಲ್ಲಿಂದಲೇ ಹೊತ್ತುಕೊಂಡು ಹೋದದ್ದು. ಆ ಕೊಡೆ ಮುರಿದ ಬಗೆಯನ್ನು ಸಿಕ್ಕಿದವರಿಗೆಲ್ಲ ಬೇರೆ ಬೇರೆಯಾಗಿ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಒಮ್ಮೆ ಬರೆದು ಮುಗಿಸುವುದು ವಾಸಿ ಎಂದು ತೀರ್ಮಾನಿಸಿದ್ದೇನೆ.

ಅಲ್ ಖುವೈರ್

ನನ್ನ ತಂಗಿ ಸುಮತಿ ಮತ್ತು ಅವಳ ಗಂಡ ದಾಮೋದರ ಬಹಳ ವರ್ಷಗಳಿಂದ ಮಸ್ಕತ್ತಿನ ಅಲ್ ಖುವೈರಿನಲ್ಲಿದ್ದಾರೆ. ದಾಮೋದರನಿಗೆ ನೀರಿನ ಪಂಪು ಮಾರುವ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಮನೆಯ ಬಾಲ್ಕನಿಯಿಂದ ಹೆದ್ದಾರಿ ಕಾಣುತ್ತದೆ. ಬೆಳಿಗ್ಗೆ ಆ ಕಾರುಗಳ ಓಟ ನೋಡಿದರೆ ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅನ್ನಿಸುತ್ತದೆ. ಸಂಜೆ ಅವೇ ಕಾರುಗಳು ಅಷ್ಟೇ ಅವಸರದಲ್ಲಿ, ಅಟ್ಟಿಸಿಕೊಂಡು ಬಂದವರು ಇದ್ದ ಕಡೆಗೇ, ಮರಳುತ್ತವೆ.

"ಅಣ್ಣ, ಟಿಕೆಟು ಕಳಿಸಿದ್ದೇನೆ, ಬಾ" ಎಂದು ತಂಗಿ ಕರೆದಾಗ ಅದನ್ನು ನಾನು ವಾತ್ಸಲ್ಯವೆಂದು ತಿಳಿದಿದ್ದೆ. ಬಂದ ಮರುದಿನ ಉಪ್ಪಿಟ್ಟಿನ ಜೊತೆಗೆ ನಿಜಸ್ಥಿತಿ ಬಡಿಸಲ್ಪಟ್ಟಿತು. ಬಂದದ್ದು ಆಮಂತ್ರಣವಲ್ಲ, ಸಾಕ್ಷಿಗೆ ಹೊರಡಿಸಿದ ಸಮನ್ಸು.

ವ್ಯಾಜ್ಯದ ಸಂಗತಿ ಹೀಗೆ. ದೇಶ ಬಿಟ್ಟು ಹೋಗುತ್ತಿದ್ದ ಒಬ್ಬ ಬಿಳಿಯನಿಂದ ದಾಮೋದರ ಒಂದು ಹಾಯಿದೋಣಿ ಕೊಂಡಿದ್ದ. ಪಾಲುದಾರ ಅವನ ಗೆಳೆಯ ಹಮೀದ್, ಉಪ್ಪಿನಂಗಡಿ ಕಡೆಯ ಬ್ಯಾರಿ; ಸೂರ್ ಪಟ್ಟಣದಲ್ಲಿ ಮೀನುಗಾರರಿಗೆ ಹಗ್ಗ, ಬಲೆ ಮಾರುವ ಅಂಗಡಿಯವನು. ದಾಮೋದರನ ಅಜ್ಜ ಹಿಂದಿನ ಕಾಲದಲ್ಲಿ ಮಂಗಳೂರಿನಿಂದ ಸೂರಿಗೆ ಹೆಂಚು ಸಾಗಿಸುವ ಮಂಜಿಯೆಂಬ ಹಾಯಿಹಡಗಿನಲ್ಲಿ ತಂಡೇಲನಾಗಿ, ಅಂದರೆ ನಾವಿಕರ ಮುಖಂಡನಾಗಿದ್ದನಂತೆ. ಮೊಮ್ಮಗ ಅದೇ ಕಡಲಿನ ದಂಡೆಗೆ ಬಂದು, ಇಷ್ಟು ವರ್ಷ ಏಸಿಯಲ್ಲಿ ಕೂತು ಪಂಪಿನ ಲೆಕ್ಕ ಬರೆದ. ಈಗ ನಿವೃತ್ತಿ ಹತ್ತಿರ ಬಂದಾಗ ಅಜ್ಜ ಮೈಮೇಲೆ ಬಂದಿದ್ದಾನೆ.

"ಅಜ್ಜ ಹೋದದ್ದು ಹೊಟ್ಟೆಪಾಡಿಗೆ" ಎಂದಳು ಸುಮತಿ. "ಇವರಿಗೆ ಎಂಥದು? ಬಿ.ಪಿ. ಉಂಟು. ಕಣ್ಣಿಗೆ ಪೊರೆ ಬರ್ತಾ ಉಂಟು. ಆ ಹಮೀದಣ್ಣ ಹಗ್ಗ ಮಾರಿದ್ದು ಬಿಟ್ರೆ ಕಡಲಿಗೆ ಕಾಲು ಹಾಕಿದವರಲ್ಲ. ಇವರಿಬ್ಬರು ಸೇರಿ ಮುಳುಗಿದ್ರೆ ನಾನು ಯಾರ ಹತ್ರ ಹೇಳ್ಬೇಕು?"

"ಮುಳುಗ್ಲಿಕ್ಕೆ ಅದು ಕಲ್ಲಾ?" ಎಂದ ದಾಮೋದರ, ತಟ್ಟೆಯಿಂದ ತಲೆ ಎತ್ತದೆ.

ಗಂಡ ಹೆಂಡತಿ ಮೊದಲೇ ಒಂದು ರಾಜಿಗೆ ಬಂದಿದ್ದರು. ದಾಮೋದರ ತನಗೆ ಬೇಕಾದ ಹಾಗೆ ಒಮ್ಮೆ ಸೂರಿನಿಂದ ತೆಂಕಕ್ಕೆ, ಮರಳುಗಾಡು ಕಡಲಿಗೆ ಇಳಿಯುವ ಜಾಗದ ತನಕ ಹೋಗಿ ಬರುವುದು. ಜೊತೆಯಲ್ಲಿ ನಾನು. ಮರಳಿ ಬಂದು ಕಂಡದ್ದನ್ನು ಹೇಳುವುದು. ಅದನ್ನು ಕೇಳಿ ಸುಮತಿ ಮಾರು ಎಂದರೆ ದೋಣಿ ಮಾರಾಟ, ಕೊಳ್ಳುವವನೊಬ್ಬ ಕಾದುಕೊಂಡಿದ್ದ. ದಾಮೋದರ ಮಾತು ಕೊಟ್ಟಿದ್ದ.

"ಅಣ್ಣ ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದವನು. ಇದ್ದದ್ದನ್ನು ಇದ್ದ ಹಾಗೆ ಹೇಳ್ತಾನೆ" ಎಂದಳು ತಂಗಿ.

"ನನಗೆ ಈಜು ಬರುವುದಿಲ್ಲ" ಎಂದು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅದಕ್ಕೇ ನಿನ್ನನ್ನು ಕರೆಸಿದ್ದು. ಈಜು ಬರುವವನಾದ್ರೆ ಇವರ ಪಾರ್ಟಿ ಸೇರ್ತಾನೆ."

ಸೂರ್

ಸೂರಿನಲ್ಲಿ ಇಂದಿಗೂ ಮರದ ದೊಡ್ಡ ಹಡಗುಗಳನ್ನು ಕಟ್ಟುತ್ತಾರೆ. ಅವುಗಳ ಹೊಟ್ಟೆ ನಮ್ಮೂರಿನ ಮದುವೆ ಮಂಟಪದಷ್ಟು ಅಗಲ. ಅಂಥದ್ದೊಂದರ ನೆರಳಿನಲ್ಲಿ ದಾಮೋದರನ ದೋಣಿ ನಿಂತಿತ್ತು. ಅದನ್ನು ನೋಡಿ ನಾನು, ಇದು ದೊಡ್ಡ ದೋಣಿಗೆ ಹೋಗಲು ಇಟ್ಟ ಚಿಕ್ಕ ದೋಣಿ ಎಂದು ಭಾವಿಸಿದೆ. ಭಾವಿಸಿದ್ದನ್ನು ಬಾಯಿಬಿಟ್ಟು ಹೇಳಿದ್ದು ತಪ್ಪಾಯಿತು.

"ಭಾವ, ಒಳಗೆ ಮೂರು ಜನ ಮಲಗ್ಬಹುದು" ಎಂದ ದಾಮೋದರ.

ಮಲಗಬಹುದು. ಒಬ್ಬ ಮಗ್ಗುಲು ಬದಲಿಸಿದರೆ ಉಳಿದಿಬ್ಬರೂ ಒಪ್ಪಬೇಕು, ಅಷ್ಟೆ. ಹೆಂಡತಿಯನ್ನು ಒಲಿಸಿಕೊಳ್ಳಲೆಂದು ದೋಣಿಯ ಪಕ್ಕಕ್ಕೆ 'ಸುಮತಿ' ಎಂದು ನೀಲಿ ಬಣ್ಣದಲ್ಲಿ ಬರೆಸಿದ್ದ. ಅದು ಫಲ ಕೊಟ್ಟಿರಲಿಲ್ಲ.

ಹಮೀದ್ ತುಂಬು ಹೃದಯದ ಮನುಷ್ಯ. ಅಂಗಡಿಯಿಂದ ಹೊಚ್ಚ ಹೊಸ ಹಗ್ಗದ ಸುರುಳಿಯೊಂದನ್ನು ಹೆಗಲ ಮೇಲೆ ಹೊತ್ತು ತಂದ. ಲಂಗರಿಗೆ ಇದ್ದ ಹಳೆಯ ಹಗ್ಗವನ್ನು ಬಿಚ್ಚಿ ದಂಡೆಗೆಸೆದು, ಹೊಸದನ್ನು ತಾನೇ ಕಟ್ಟಿದ. "ಶಿರಸ್ತೇದಾರ್ರೇ, ಈ ಹಗ್ಗದಲ್ಲಿ ಆನೆ ಕಟ್ಟಿದ್ರೂ ತುಂಡಾಗ್ಲಿಕ್ಕಿಲ್ಲ. ನೀವು ತಂಗಿಗೆ ಹೇಳುವಾಗ ಹಗ್ಗದ ವಿಷಯ ಬಿಡ್ಬೇಡಿ ಆಯ್ತಾ." ಆಮೇಲೆ ಒಂದು ಮದುವೆಗೆ ಸಾಲುವಷ್ಟು ದೊಡ್ಡ ಪಾತ್ರೆಯಲ್ಲಿ ಬಿರಿಯಾನಿ ಹತ್ತಿಸಿದ. ಹಾಗಾಗಿ ನನ್ನ ಪೆಟ್ಟಿಗೆಗೆ ಜಾಗವಾಗಲಿಲ್ಲ. ಒಂದು ಕೈಚೀಲ, ಒಂದು ಕೊಡೆ ಹಿಡಿದು ಹತ್ತಿದೆ.

"ಮರಳುಗಾಡಿಗೆ ಕೊಡೆ ಎಂಥಕೆ ಭಾವ?"

"ಬಿಸಿಲು ಇಲ್ಲವೋ ಅಲ್ಲಿ?"

ದಾಮೋದರ ದೋಣಿಯ ಮೂತಿಗೆ ತೆಂಗಿನಕಾಯಿ ಒಡೆದ. ಹಮೀದ್ ಬಿಸ್ಮಿಲ್ಲಾ ಎಂದ. ನಾನು ಕನ್ನಡಕ ಬೀಳದಂತೆ ಜೇಬು ಹಿಡಿದುಕೊಂಡೆ. ಸರ್ವಧರ್ಮ ಸಮನ್ವಯದಿಂದ ಹೊರಟೆವು.

ಬಂದರಿನ ಬಾಯಿ ದಾಟುವ ಮೊದಲೇ ಹಮೀದನ ಮುಖ ಹಸಿರಾಯಿತು. ಅಲ್ಲಿಂದ ಮುಂದೆ ಆತ ದೋಣಿಯ ಅಂಚಿಗೆ ಗಲ್ಲವಿಟ್ಟು, ಕಡಲಿನೊಂದಿಗೆ ಖಾಸಗಿ ಮಾತುಕತೆಯಲ್ಲಿ ತೊಡಗಿದ. ಬಿರಿಯಾನಿಯ ಪಾತ್ರೆಯ ಮುಚ್ಚಳ ತೆಗೆಯಲು ಆತನ ಎದುರು ನಮಗೆ ಧೈರ್ಯ ಬರಲಿಲ್ಲ. ನಾನೂ ದಾಮೋದರನೂ ಸುಮತಿ ಕಟ್ಟಿಕೊಟ್ಟ ಅವಲಕ್ಕಿ ತಿಂದೆವು.

ರಾಸ್ ಅಲ್ ಹದ್

ಈ ಭೂಶಿರದ ಹತ್ತಿರ ಗಾಳಿ ನಿಂತಿತು. ಹಾಯಿ ತೊಳೆದು ಒಣಗಹಾಕಿದ ಬೈರಾಸಿನಂತೆ ಜೋತುಬಿದ್ದಿತು. ದೋಣಿಗೊಂದು ಎಂಜಿನ್ ಇದೆ. ಅದನ್ನು ಬಳಸಬಹುದಲ್ಲ ಎಂದು ನಾನು ಸಾಧಾರಣ ಬುದ್ಧಿಯ ಮನುಷ್ಯನ ಹಾಗೆ ಕೇಳಿದೆ.

"ಅಜ್ಜನಿಗೆ ಎಂಜಿನ್ ಇತ್ತಾ?" ಎಂದ ದಾಮೋದರ.

ಅಜ್ಜನಿಗೆ ದಾಮೋದರನ ಕೈಯಲ್ಲಿದ್ದ ಫೋನೂ ಇರಲಿಲ್ಲ, ಕಣ್ಣಿನ ಮೇಲಿದ್ದ ಕಪ್ಪು ಕನ್ನಡಕವೂ ಇರಲಿಲ್ಲ. ಇದನ್ನು ನಾನು ದಾಖಲೆಗೆ ತಂದೆ. ವಾದವನ್ನು ತಳ್ಳಿಹಾಕಲಾಯಿತು. ಬಂದರಿನಿಂದ ಹೊರಡಲು, ಬಂದರು ಸೇರಲು ಮಾತ್ರ ಎಂಜಿನ್, ನಡುವಿನದ್ದೆಲ್ಲ ಗಾಳಿಯ ಪಾಲು ಎಂಬುದು ಆತನ ವ್ರತ. ಕೂತೆವು. ಕಡಲಾಮೆಯೊಂದು ತಲೆಯೆತ್ತಿ ನಮ್ಮನ್ನು ನೋಡಿ, ಅವಸರವಿಲ್ಲದೆ ನಮ್ಮನ್ನು ದಾಟಿ ಮುಂದೆ ಹೋಯಿತು.

ಮಧ್ಯಾಹ್ನ ಕರಾವಳಿ ಕಾವಲಿನ ದೋಣಿ ಬಂತು. ಅದರಲ್ಲಿದ್ದ ಯುವಕ ಬಹಳ ಮರ್ಯಾದಸ್ಥ. ಸಲಾಮು ಹೇಳಿ, ಕುಡಿಯಲು ನೀರು ಇದೆಯೇ ಎಂದು ವಿಚಾರಿಸಿ, ಎಲ್ಲಿಗೆ ಎಂದು ಕೇಳಿದ.

"ತೆಂಕಕ್ಕೆ" ಎಂದ ದಾಮೋದರ ಹಿಂದಿಯಲ್ಲಿ.

"ಅಲ್ಲಿ ಏನಿದೆ?"

"ಏನೂ ಇಲ್ಲ."

"ಮತ್ತೆ ಯಾಕೆ?"

ಒಮಾನಿನಲ್ಲಿ ಕಾಲಿಟ್ಟ ಮೇಲೆ ನಾನು ಕೇಳಿದ ಅತ್ಯಂತ ಘನವಾದ ಪ್ರಶ್ನೆ ಅದು. ದಾಮೋದರ ಕಡಲಿನತ್ತ ಕೈ ತೋರಿಸಿದ. ಯುವಕ ನಕ್ಕು, ಅಲ್ಲಾಹನು ನಿಮ್ಮನ್ನು ಕಾಯಲಿ ಎಂದು, ಆ ಜವಾಬ್ದಾರಿಯನ್ನು ಯೋಗ್ಯರಾದವರಿಗೆ ವಹಿಸಿ ಹೊರಟುಹೋದ.

ಗಾಳಿ ಮರಳಿದ ಮೇಲೆ ಭೂಶಿರ ದಾಟಿ ತೆಂಕಕ್ಕೆ ತಿರುಗಿದೆವು. ನಮ್ಮ ಕರಾವಳಿಯಲ್ಲಿ ದೋಣಿಯಿಂದ ದಡ ನೋಡಿದರೆ ತೆಂಗಿನ ತಲೆಗಳು, ಒಂದು ಇಗರ್ಜಿಯ ಶಿಲುಬೆ, ಒಂದು ಮಸೀದಿಯ ಮಿನಾರು, ಹೆಂಚು ಕಾರ್ಖಾನೆಯ ಚಿಮಣಿ, ಹೀಗೆ ಗುರುತು ಹಿಡಿಯಲು ಏನಾದರೂ ಇರುತ್ತದೆ. ಇಲ್ಲಿ ಬೆಳಿಗ್ಗೆ ಕಂದು ಬಣ್ಣ, ಮಧ್ಯಾಹ್ನ ಬಿಳಿಚಿದ ಕಂದು, ಸಂಜೆ ಕೆಂಪು ಮಿಶ್ರಿತ ಕಂದು. ಅಲ್ಲೊಂದು ಆಡು. ಅದು ಏನು ತಿಂದು ಬದುಕುತ್ತದೆ ಎಂದು ಯೋಚಿಸುತ್ತ ನಾನು ಅರ್ಧ ದಿನ ಕಳೆದೆ. ದಾಮೋದರನಂತೂ ಚುಕ್ಕಾಣಿ ಹಿಡಿದು ಆ ಶೂನ್ಯವನ್ನು, ಯಾರೋ ಓದಿ ಹೇಳುತ್ತಿರುವ ಉಯಿಲನ್ನು ಕೇಳುವವನಂತೆ, ರೆಪ್ಪೆ ಮುಚ್ಚದೆ ನೋಡುತ್ತಿದ್ದ. ಲೆಕ್ಕಪತ್ರದ ಮನುಷ್ಯನ ಮುಖದಲ್ಲಿ ಅಂಥ ಕಳೆಯನ್ನು ನಾನು ನೋಡಿದ್ದಿಲ್ಲ. ನನಗದು ಕಿರಿಕಿರಿಯಾಯಿತು. ಸೊಂಟ ನೋಯುತ್ತಿರುವವನ ಎದುರು ಇನ್ನೊಬ್ಬ ಅಷ್ಟು ಸುಖವಾಗಿರಬಾರದು.

ಹೊಳೆಯಿಲ್ಲದ ಅಳಿವೆ

ಅಲ್ ಅಷ್ಖರಾ ಎಂಬ ಮೀನುಗಾರರ ಊರನ್ನು ದಾಟಿದ ಮೇಲೆ ಮರಳುದಿಣ್ಣೆಗಳು ನೇರವಾಗಿ ಕಡಲಿಗೇ ಇಳಿಯುತ್ತವೆ. ಬೆಳಗಿನ ಹೊತ್ತು ಅಂಥ ದಿಣ್ಣೆಗಳ ನಡುವೆ ಒಂದು ಬಾಯಿ ಕಾಣಿಸಿತು. ಒಳಗೆ ಕೆರೆಯಂತೆ ನಿಂತ ಹಸಿರು ನೀರು.

"ಅಳಿವೆ" ಎಂದ ದಾಮೋದರ, ತವರಿನವರನ್ನು ಕಂಡವನ ದನಿಯಲ್ಲಿ. "ಒಳಗೆ ಹೋಗಿ ನಿಲ್ಲಿಸುವ. ಹಮೀದನಿಗೂ ಸ್ವಲ್ಪ ನೆಮ್ಮದಿ."

"ಆಳ ಉಂಟಾ ನೋಡು ದಾಮೋದರ."

"ಅಳಿವೆಯಲ್ಲಿ ಆಳ ಇಲ್ದೆ ಮತ್ತೆಲ್ಲಿ ಭಾವ? ಹೊಳೆ ಬಂದು ಕೊರೆದಿರ್ತದಲ್ಲ. ನಡುಮಧ್ಯ ಹೋದ್ರೆ ಆಯ್ತು."

ನೇತ್ರಾವತಿ, ಶಾಂಭವಿ, ಸೌಪರ್ಣಿಕೆಯರ ಬಾಯಲ್ಲಿ ಬೆಳೆದವನ ಮಾತು. ನನಗೂ ಅದು ಸರಿಯೆಂದೇ ತೋರಿತು. ನಾವಿಬ್ಬರೂ ಮರೆತದ್ದು ಒಂದೇ: ಅಳಿವೆಯನ್ನು ಕೊರೆಯಲು ಹೊಳೆ ಬೇಕು, ಹೊಳೆಗೆ ಮಳೆ ಬೇಕು. ಆ ದಿಣ್ಣೆಗಳ ಹಿಂದಿದ್ದದ್ದು ಇನ್ನಷ್ಟು ದಿಣ್ಣೆಗಳು. ಬೆಳಗಿನ ಉಬ್ಬರದಲ್ಲಿ ತುಂಬಿದ ಕಡಲಿನ ನೀರನ್ನೇ ನಾವು ಹೊಳೆಯ ನೀರೆಂದು ನಂಬಿ, ನಡುಮಧ್ಯದಲ್ಲಿ, ಆತ್ಮವಿಶ್ವಾಸದಿಂದ ಒಳಹೊಕ್ಕೆವು. ಹಮೀದ್ ಕಣ್ಣು ತೆರೆದು, ಅಲುಗಾಟ ನಿಂತದ್ದನ್ನು ಕಂಡು, ಅಲ್ಹಮ್ದುಲಿಲ್ಲಾ ಎಂದ.

ಅಲುಗಾಟ ತೀರ ಪೂರ್ತಿಯಾಗಿ ನಿಂತಿತ್ತು. ನೆಲ ತಾಗಿತ್ತು. ದಾಮೋದರ ವ್ರತ ಮುರಿದು ಎಂಜಿನ್ ಚಾಲೂ ಮಾಡಿದ. ಅದು ಮರಳನ್ನು ಕಡೆಯಿತು, ದೋಣಿಯನ್ನು ಕದಲಿಸಲಿಲ್ಲ. ಅಷ್ಟರಲ್ಲಿ ಇಳಿತ ಶುರುವಾಯಿತು. ನಮ್ಮ ಕಣ್ಣೆದುರಿಗೇ ನೀರು ಸಭೆ ಮುಗಿದ ಮೇಲೆ ಜನ ಎದ್ದು ಹೋಗುವಂತೆ ಹೊರಗೆ ನಡೆಯಿತು. 'ಸುಮತಿ' ನಿಧಾನವಾಗಿ ಒಂದು ಮಗ್ಗುಲಿಗೆ ವಾಲಿ, ಮಲಗಿದಳು. ಬಿರಿಯಾನಿಯ ಪಾತ್ರೆ ಉರುಳಿ ಬಂದು ನನ್ನ ಮೊಣಕಾಲಿಗೆ ಬಡಿಯಿತು.

ಆಮೇಲೆ ದಾಮೋದರ, "ಭಾವ, ಇದನ್ನು ಸುಮತಿಗೆ..." ಎಂದು ಶುರುಮಾಡಿ ನಿಲ್ಲಿಸಿದ.

"ನಾನು ನೋಡುತ್ತಿದ್ದೇನೆ. ನೋಡುವುದಷ್ಟೇ ನನ್ನ ಕೆಲಸ" ಎಂದೆ.

ಬೆಳಗಿನಷ್ಟೇ ನೀರು ಸಂಜೆ ಬಂದೀತೆಂದು ಹೇಳಬರುವುದಿಲ್ಲ, ಯಾರಾದರೂ ಎಳೆದುಕೊಟ್ಟರೆ ಕ್ಷೇಮ ಎಂದು ದಾಮೋದರನ ಅಭಿಪ್ರಾಯ. ಫೋನಿಗೆ ಸಿಗ್ನಲ್ಲಿರಲಿಲ್ಲ. ಬರುವಾಗ ಬಡಗು ದಿಕ್ಕಿನಲ್ಲಿ ಮೀನುಗಾರರ ಚಪ್ಪರವೊಂದನ್ನು ಕಂಡಿದ್ದೆವು. ಅಲ್ಲಿಗೆ ನಡೆಯುವುದೆಂದಾಯಿತು. ಹಮೀದ್ ಬರಲೊಪ್ಪಲಿಲ್ಲ. "ಸೂರಿನಿಂದ ಹೊರಟ ಮೇಲೆ ಈಗ ಹೊಟ್ಟೆ ಸರಿಯಾಯ್ತು. ನಾನು ಇಲ್ಲೇ ಇರ್ತೇನೆ. ದೋಣಿ ಎಲ್ಲಿಗೂ ಹೋಗ್ಲಿಕ್ಕಿಲ್ಲ" ಎಂದು, ವಾಲಿದ ಗೋಡೆಗೆ ಒರಗಿ, ಬಿರಿಯಾನಿಯ ಮುಚ್ಚಳ ತೆಗೆದ.

ನಡಿಗೆ

ಮರಳಿನ ಮೇಲೆ ನಡೆಯುವುದೆಂದರೆ ಎರಡು ಹೆಜ್ಜೆ ಇಟ್ಟು ಒಂದನ್ನು ಮರಳಿಗೇ ಬಿಟ್ಟುಕೊಡುವುದು. "ಇಗೊ, ಆ ದಿಣ್ಣೆಯ ಹಿಂದೆ" ಎಂದು ದಾಮೋದರ ಪ್ರತಿ ದಿಣ್ಣೆಯ ಬಗ್ಗೆಯೂ ಹೇಳಿದ. ಕೊಡೆ ಬಿಚ್ಚಿದೆ. ಗಾಳಿ ಅದನ್ನು ಹಿಡಿದು ನನ್ನನ್ನು ಕಡಲಿನ ಕಡೆಗೆ ಕರೆದೊಯ್ಯಲು ನೋಡಿತು. ಮಡಚಿ ಊರುಗೋಲು ಮಾಡಿಕೊಂಡೆ. ದಿಣ್ಣೆ ಬಿಟ್ಟು ತಗ್ಗಿನಲ್ಲಿ ನಡೆಯೋಣವೆಂದರೆ, ಅಲ್ಲಿ ಮೇಲೆ ಹಪ್ಪಳದಂತೆ ಉಪ್ಪಿನ ಪದರ, ಕೆಳಗೆ ಕೆಸರು. ಒಂದು ಚಪ್ಪಲಿ ಒಳಗೆ ಹೋಯಿತು. ಅದನ್ನು ಹುಡುಕುವಾಗ ಇನ್ನೊಂದು ಹೋಯಿತು.

"ಅಜ್ಜ ಚಪ್ಪಲಿ ಹಾಕ್ತಿರ್ಲಿಲ್ಲ" ಎಂದ ದಾಮೋದರ, ಸಮಾಧಾನಕ್ಕೆ.

ನಿನ್ನ ಅಜ್ಜನನ್ನು ನಾನು ಒಂದು ದಿನ ಕಟಕಟೆ ಹತ್ತಿಸುತ್ತೇನೆ ಎಂದೆ.

ಸಾಲಿಮನ ಚಪ್ಪರ

ಚಪ್ಪರ ಕೊನೆಗೂ ಸಿಕ್ಕಿತು. ಈಚಲು ಗರಿ, ಹಳೆಯ ಬಲೆ, ಒಂದು ಕಂಪನಿಯ ಜಾಹೀರಾತಿನ ತಗಡು. ಎದುರಿಗೆ ಬಿಳಿಯ ಪಿಕಪ್. ಒಳಗಿನಿಂದ ನೆರೆತ ಗಡ್ಡದ ಸಾಲಿಮ್ ಎಂಬ ಹಿರಿಯ ಮೀನುಗಾರ ಎದ್ದು ಬಂದ. ಬರಿಗಾಲಿನ, ಕೊಡೆ ಹಿಡಿದ, ಮೊಣಕಾಲಿನ ತನಕ ಕೆಸರಾದ ನನ್ನನ್ನು ನೋಡಿ ಅವನ ಮುಖದ ಒಂದು ಕೂದಲೂ ಅಲುಗಲಿಲ್ಲ. ಸಲಾಮು, ಕ್ಷೇಮ, ಮಕ್ಕಳ ಕ್ಷೇಮ, ಮತ್ತೊಮ್ಮೆ ಕ್ಷೇಮ ಆಯಿತು. ಆಮೇಲೆ ಏನೋ ಕೇಳಿದ. ದಾಮೋದರ ಎದೆಗೆ ಕೈಯಿಟ್ಟು ಏನೋ ಹೇಳಿದ. ಇಬ್ಬರೂ ತೃಪ್ತರಾಗಿ ಚಾಪೆಯ ಮೇಲೆ ಕೂತರು.

"ಏನು ಕೇಳಿದ?" ಎಂದೆ.

"ಸುದ್ದಿ ಏನು ಅಂತ."

"ದೋಣಿ ಹೂತದ್ದು ಹೇಳಿದೆಯಾ?"

"ಇಲ್ಲ. ಸುದ್ದಿ ಏನೂ ಇಲ್ಲ, ಎಲ್ಲ ಒಳ್ಳೆಯದೇ ಅಂದೆ."

ನಾನು ನಿಂತೇ ಇದ್ದೆ. ಕೂರಲು ಕಾಲು ಒಪ್ಪಲಿಲ್ಲ.

"ಹಾಗೇ ಹೇಳ್ಬೇಕು ಭಾವ" ಎಂದು ದಾಮೋದರ ತಗ್ಗಿದ ದನಿಯಲ್ಲಿ ವಿವರಿಸಿದ. "ಇಲ್ಲಿಯ ಕ್ರಮ. ಮನೆಗೆ ಬೆಂಕಿ ಬಿದ್ದಿದ್ರೂ ಮೊದಲು ಏನಿಲ್ಲ ಅನ್ನುದು. ಖರ್ಜೂರ ತಿನ್ನುದು, ಕಾಫಿ ಕುಡಿಯುದು. ಆಮೇಲೆ ಅವರು ಇನ್ನೊಮ್ಮೆ ಕೇಳ್ತಾರೆ. ಆಗ ಎಲ್ಲ ಹೇಳುದು. ಬಂದವ ಕೆಟ್ಟ ಸುದ್ದಿಯನ್ನು ಬಾಗಿಲಲ್ಲೇ ಎಸೆಯುದು ಮರ್ಯಾದೆ ಅಲ್ಲ."

ಕೋರ್ಟಿನಲ್ಲಿ ನಾನು ಬಹಳ ವಿಧದ ವಿಳಂಬಗಳನ್ನು ನೋಡಿದ್ದೇನೆ. ವಾದಿಯೇ ಬಂದು, ನನಗೆ ತೊಂದರೆ ಏನೂ ಇಲ್ಲ, ವಾಯಿದೆ ಕೊಡಿ ಎಂದದ್ದು ನೋಡಿರಲಿಲ್ಲ. ಸಾಲಿಮ್ ಒಲೆಗೆ ಕಡ್ಡಿ ಹಾಕಿದ. ಏಲಕ್ಕಿ ಜಜ್ಜಿದ. ಕಾಫಿ ಹಿಡಿಯಷ್ಟು ಚಿಕ್ಕ ಬಟ್ಟಲಿನಲ್ಲಿ ಬಂತು. ಕುಡಿದು ಮುಗಿಸಿದ ಕೂಡಲೇ ಇನ್ನೊಂದು. ಬೇಗ ಕುಡಿದರೆ ಬೇಗ ಮುಗಿಯುತ್ತದೆಂದು ನಾನು ಗಟಗಟನೆ ಕುಡಿದೆ. ಬಟ್ಟಲನ್ನು ಅಲುಗಾಡಿಸದೆ ಕೊಟ್ಟರೆ ಇನ್ನೂ ಬೇಕೆಂದು ಅರ್ಥವಂತೆ. ಯಾರೂ ಹೇಳಿರಲಿಲ್ಲ. ನನ್ನ ಆಸೆಯನ್ನು ಮೆಚ್ಚಿ ಸಾಲಿಮ್ ಇನ್ನೊಂದು ಪಾತ್ರೆ ಏರಿಸಿದ.

ದಾಮೋದರ ನನ್ನ ಕೈಯಿಂದ ಬಟ್ಟಲು ಕಿತ್ತು ಅಲುಗಾಡಿಸಿದ ಮೇಲಷ್ಟೇ ಸಾಲಿಮ್ ಗಡ್ಡ ನೀವಿಕೊಂಡು ಎರಡನೇ ಸಲ ಸುದ್ದಿ ಕೇಳಿದ. ಈಗ ದಾಮೋದರ ಶುರುಮಾಡಿದ. ಅಜ್ಜನಿಂದ ಶುರುಮಾಡಿದ. ಮಂಗಳೂರು, ಹೆಂಚು, ಮಂಜಿ, ಸೂರ್, ದೋಣಿ, ಹೆಂಡತಿಗೆ ಕೊಟ್ಟ ಮಾತು, ನಾನು ಯಾರು, ಯಾಕೆ ಬಂದೆ, ಅಳಿವೆ, ಮರಳು. ಸಾಲಿಮ್ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಒಬ್ಬನೇ ಒಬ್ಬ ವಕೀಲನಲ್ಲೂ ನಾನು ಇಂಥ ಕೇಳುವಿಕೆಯನ್ನು ಕಂಡಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, ಗಲ್ಫಿನವರು ನಮ್ಮವರೊಡನೆ ಆಡುವ ಹಿಂದಿಯಲ್ಲಿ ಕೇಳಿದ: "ನೀನು ಸಾಕ್ಷಿಯೋ?"

"ಹೌದು."

"ಹಾಗಾದರೆ ನೀನು ಮುಂದಿನ ಸೀಟಿನಲ್ಲಿ ಕೂರು. ಯಲ್ಲಾ, ಹೊರಡೋಣ."

ಮತ್ತೆ ಅಳಿವೆ

ಅಲ್ಲಿಯವರು ತಮ್ಮ ದೋಣಿಗಳನ್ನು ಪಿಕಪ್‌ನಿಂದಲೇ ಕಡಲಿಗೆ ತಳ್ಳುತ್ತಾರೆ, ಪಿಕಪ್‌ನಿಂದಲೇ ಮೇಲೆಳೆಯುತ್ತಾರೆ. ಆದ್ದರಿಂದ ಸಾಲಿಮನಿಗೆ ಸಂಶಯವೇ ಇರಲಿಲ್ಲ. ನೀರು ತಿರುಗಿ ಏರಲು ಇನ್ನೇನು ಹೊತ್ತಾಗಿತ್ತು. ನಾನು ದೋಣಿಯ ಬಳಿ ನಡೆದುಹೋಗಿ, ಬಿಸಿಲಿಗೆ ಬಾಡಿದ್ದ ಹಮೀದನಿಗೆ ನೆರಳಿಗಿರಲೆಂದು ನನ್ನ ಕೊಡೆ ಕೊಟ್ಟು ಬಂದೆ. ಸಾಲಿಮ್ ಹೆಮ್ಮೆಯಿಂದ ಹಸಿ ಮರಳಿನ ಮೇಲೆ ಪಿಕಪ್ ಹಿಂದಕ್ಕೆ ತಂದ. ದೋಣಿಗೆ ಇನ್ನೂ ಹಗ್ಗ ಮುಟ್ಟಿರಲಿಲ್ಲ, ಅಷ್ಟರಲ್ಲಿ ಪಿಕಪ್‌ನ ಹಿಂದಿನ ಚಕ್ರಗಳು ಕೆಳಗಿಳಿದವು. ಆಕ್ಸಿಲರೇಟರ್ ಒತ್ತಿದ. ಇನ್ನಷ್ಟು ಇಳಿದವು. ಅಚ್ಚಿನ ತನಕ ಇಳಿದವು.

ಈಗ ಅಳಿವೆಯಲ್ಲಿ ಹೂತದ್ದು ಎರಡಾಯಿತು.

ಅಷ್ಟರಲ್ಲಿ ದಿಣ್ಣೆಯ ಮೇಲಿಂದ ಇನ್ನೊಂದು ಪಿಕಪ್ ಇಳಿದು ಬಂತು. ಸಾಲಿಮನ ಭಾವಮೈದುನನಂತೆ. ಇಳಿದವನು, ಅಚ್ಚಿನ ತನಕ ಮುಳುಗಿದ ಗಾಡಿಯನ್ನೂ ಅದರತ್ತ ಬರುತ್ತಿದ್ದ ನೀರನ್ನೂ ನೋಡಿ, ಸಲಾಮು ಹೇಳಿ, ಕ್ಷೇಮ ವಿಚಾರಿಸಿ, ಸುದ್ದಿ ಕೇಳಿದ.

ಸಾಲಿಮ್ ಎದೆಗೆ ಕೈಯಿಟ್ಟ. ಸುದ್ದಿ ಏನೂ ಇಲ್ಲ, ಎಲ್ಲ ಒಳ್ಳೆಯದೇ ಎಂದ.

ನನಗೆ ಅರಬ್ಬಿ ಬಾರದು. ಈ ವಾಕ್ಯವನ್ನು ಮಾತ್ರ ಯಾರೂ ಅನುವಾದಿಸಿ ಹೇಳಬೇಕಾಗಲಿಲ್ಲ. ಇಲ್ಲಿ ಕಾಫಿ ಕಾಸಲು ಒಲೆಯಿಲ್ಲವೆಂಬ ಒಂದೇ ಕಾರಣಕ್ಕೆ ಕ್ರಮ ಮೊಟಕಾಯಿತು. ನಾವೆಲ್ಲ ಸೇರಿ ಪಿಕಪ್ ಬಿಡಿಸಲು ತೊಡಗಿದೆವು. ಚಕ್ರದಡಿಗೆ ಗಾಡಿಯಲ್ಲಿದ್ದ ಬಲೆ, ಗರಿ, ತಗಡು, ಕೊನೆಗೆ ದಾಮೋದರನ ಬೆನ್ನಿಗೆ ಕಟ್ಟುವ ಬೆಲ್ಟು ಕೂಡ ಹೋಯಿತು. ನೀರು ಕಣಕಾಲಿಗೆ ಬಂತು, ಮೊಣಕಾಲಿಗೆ ಬಂತು. ಎರಡನೇ ಪಿಕಪ್ ಗರ್ಜಿಸಿ ಎಳೆದಾಗ ಮೊದಲನೆಯದು ತನ್ನ ಬಂಪರನ್ನು ಅಳಿವೆಗೆ ದಾನಮಾಡಿ ಮೇಲೆ ಬಂತು. ಎಲ್ಲರೂ ಮುಖ ಒರೆಸಿಕೊಂಡೆವು.

ಆಗ ಹಿಂದಿನಿಂದ ಹಮೀದನ ಮಾತು ಕೇಳಿಸಿತು. ಕೂಗಲ್ಲ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿರುವುದನ್ನು ತಿಳಿಸುವ ದನಿ.

"ದಾಮೋದರಣ್ಣ, ಇದು ಹೋಗ್ತಾ ಉಂಟು."

ಪಿಕಪ್ ಬಿಡಿಸುವ ಭರದಲ್ಲಿ ನಾವು ಯಾವುದಕ್ಕಾಗಿ ಬಂದೆವೋ ಅದನ್ನು ಮರೆತಿದ್ದೆವು. 'ಸುಮತಿ' ಯಾರ ಹಂಗೂ ಇಲ್ಲದೆ ಎದ್ದು ನಿಂತಿದ್ದಳು. ಎದ್ದವಳು ಏರುವ ನೀರಿನ ಜೊತೆ ಒಳಗಿನ ಕೊಳದ ಕಡೆಗೆ ತೇಲತೊಡಗಿದ್ದಳು. ಆಚೆ ದಡದಲ್ಲಿ ಕಪ್ಪು ಬಂಡೆಗಳಿದ್ದವು.

"ಲಂಗರು ಹಾಕು ಹಮೀದ್" ಎಂದ ದಾಮೋದರ.

ಹಮೀದ್ ಲಂಗರನ್ನು ಎರಡು ಕೈಯಲ್ಲೆತ್ತಿ ಎಸೆದ. ಅದು ಹೋಯಿತು. ಅದರ ಹಿಂದೆ ಆನೆ ಕಟ್ಟಿದರೂ ತುಂಡಾಗದ ಆ ಹೊಸ ಹಗ್ಗ ಸುರುಳಿ ಬಿಚ್ಚುತ್ತ ಹೋಯಿತು. ಕೊನೆಗೆ ಹಗ್ಗದ ಬಾಲವೂ ನಮಗೆಲ್ಲ ಕಾಣುವಂತೆ ದೋಣಿಯ ಅಂಚನ್ನು ದಾಟಿ ಪ್ಲಕ್ ಎಂದು ನೀರಿಗಿಳಿಯಿತು. ಒಂದು ತುದಿಯನ್ನು ಲಂಗರಿಗೆ ಕಟ್ಟಿದ್ದ. ಇನ್ನೊಂದು ತುದಿಯನ್ನು ದೋಣಿಗೆ ಕಟ್ಟಬೇಕೆಂಬುದು ಹಗ್ಗ ಮಾರುವ ವ್ಯಾಪಾರದಲ್ಲಿ ಬರುವ ವಿಷಯವಲ್ಲ.

"ಖಲಾಸ್" ಎಂದ ಹಮೀದ್.

ದಾಮೋದರ ಹಾಕಿದ ಪ್ಯಾಂಟಿನಲ್ಲೇ ನೀರಿಗಿಳಿದ. ಎದೆಯ ಮಟ್ಟಕ್ಕೆ ಹೋದ, ಆಮೇಲೆ ಈಜಿದ. ಬಿ.ಪಿ.ಯ ಮನುಷ್ಯ, ಕಣ್ಣಿಗೆ ಪೊರೆ ಬರುತ್ತಿರುವವನು. ನಾನು ದಡದಲ್ಲಿ ನಿಂತು, ಇವನು ಮುಳುಗಿದರೆ ತಂಗಿಯ ಬಾಗಿಲಲ್ಲಿ ನಿಂತು ಏನು ಹೇಳಲಿ ಎಂದು ಯೋಚಿಸಿದೆ. ಮೊದಲ ವಾಕ್ಯವೇ ಸಿಗಲಿಲ್ಲ. ಬಾಗಿಲಲ್ಲಿ ಹೇಳಲಾಗದ್ದು ಇರುತ್ತದೆಂದು ಆಗ ತಿಳಿಯಿತು.

ಹಮೀದ್ ಅಷ್ಟು ಹೊತ್ತು ಸುಮ್ಮನಿರಲಿಲ್ಲ. ಬಂಡೆ ಹತ್ತಿರ ಬಂದಾಗ ನನ್ನ ಕೊಡೆಯನ್ನು ಈಟಿಯಂತೆ ಹಿಡಿದು ಬಂಡೆಗೆ ಊರಿ ನಿಂತ. ಒಂದು ಕಡ್ಡಿ ಮುರಿಯಿತು, ಇನ್ನೊಂದು ಮುರಿಯಿತು, ಹಿಡಿ ಬಾಗಿತು. ದೋಣಿ ಬಂಡೆಗೆ ತಾಗಲಿಲ್ಲ. ದಾಮೋದರ ಹತ್ತಿ ಎಂಜಿನ್ ಚಾಲೂ ಮಾಡಿದ. ನಡುಮಧ್ಯದ ಗೊಡವೆಗೆ ಹೋಗದೆ, ಸಾಲಿಮ್ ದಡದಿಂದ ಕೈ ತೋರಿಸಿದ ಕಡೆಯಿಂದ ಹೊರಗೆ ಬಂದ. ನನ್ನನ್ನು ಹತ್ತಿಸಿಕೊಳ್ಳುವಾಗ ಪಿಕಪ್ ಬಿಡಿಸುವಾಗ ಹಗ್ಗ ಉಜ್ಜಿ ಕೆಂಪಾದ ಅವನ ಅಂಗೈ ನೋಡಿದೆ.

ಸಾಲಿಮ್ ನನಗೆ ತನ್ನದೇ ಒಂದು ಜೊತೆ ರಬ್ಬರ್ ಚಪ್ಪಲಿ ಕೊಟ್ಟ. ಬಂಪರಿನ ವಿಷಯ ದಾಮೋದರ ಎತ್ತಿದಾಗ, ಯಾವ ಬಂಪರು ಎಂಬಂತೆ ಮುಖ ಮಾಡಿದ.

ಮತ್ತೆ ಅಲ್ ಖುವೈರ್

ದೋಣಿಯನ್ನು ಅಲ್ ಅಷ್ಖರಾದಲ್ಲಿ ಯಾರದೋ ಹಗ್ಗದಿಂದ ಕಟ್ಟಿ, ಸೂರಿನ ತನಕ ಬಾಡಿಗೆ ಗಾಡಿಯಲ್ಲಿ, ಅಲ್ಲಿಂದ ಹಮೀದನ ಕಾರಿನಲ್ಲಿ ಬಂದೆವು. ದಾರಿಯುದ್ದಕ್ಕೂ ದಾಮೋದರ ಹೀಗೆ ಹೇಳು, ಹಾಗೆ ಹೇಳು ಎಂದು ನನ್ನ ಬಳಿ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಹಮೀದ್ ಮಾತ್ರ ಕಟ್ಟಡದ ಕೆಳಗೆ ಕಾರು ನಿಲ್ಲಿಸಿ, "ನಾನು ಮೇಲೆ ಬರುದಿಲ್ಲ. ತೀರ್ಪು ಆದ ಮೇಲೆ ಫೋನ್ ಮಾಡಿ" ಎಂದು ಕಾರಿನಲ್ಲೇ ಉಳಿದ.

ಸುಮತಿ ಬಾಗಿಲು ತೆರೆದಳು. ಗಂಡನ ಕೈ ನೋಡಿದಳು, ನನ್ನ ಚಪ್ಪಲಿ ನೋಡಿದಳು, ಕೊಡೆ ನೋಡಿದಳು.

"ಏನು ಸುದ್ದಿ?"

ಇದ್ದದ್ದನ್ನು ಇದ್ದ ಹಾಗೆ ಹೇಳುವವನೆಂದು ಹೆಸರು ಪಡೆದ ನಾನು ಎದೆಗೆ ಕೈಯಿಟ್ಟೆ. "ಸುದ್ದಿ ಏನೂ ಇಲ್ಲ. ಎಲ್ಲ ಒಳ್ಳೆಯದೇ" ಎಂದೆ.

ತಂಗಿ ನನ್ನನ್ನು ಒಂದು ಕ್ಷಣ ನೋಡಿದಳು. ಅವಳೂ ಆ ದೇಶದಲ್ಲಿ ಬಹಳ ವರ್ಷ ಇದ್ದವಳು.

"ಓ, ಅಷ್ಟು ಉಂಟಾ" ಎಂದಳು. "ಕೂತ್ಕೊಳ್ಳಿ. ಕಾಫಿ ಇಡ್ತೇನೆ."

ಸ್ಟೀಲಿನ ಲೋಟದಲ್ಲಿ ನಮ್ಮ ಕಾಫಿ ಬಂತು. ಯಾರೂ ಅವಸರ ಮಾಡಲಿಲ್ಲ. ಲೋಟ ಕೆಳಗಿಟ್ಟ ಮೇಲೆ ಅವಳು ಎದುರಿಗೆ ಕೂತು, "ಈಗ ಹೇಳು" ಎಂದಳು. ಹೇಳಿದೆ. ಅಳಿವೆ, ವಾಲಿದ್ದು, ಪಿಕಪ್, ಬಂಪರು, ಲಂಗರು, ಹಗ್ಗ, ಬಂಡೆ, ಈಜಿದ್ದು. ಒಂದನ್ನೂ ಬಿಡಲಿಲ್ಲ. ಅವಳು ನಡುವೆ ಬಾಯಿ ಹಾಕಲಿಲ್ಲ. ದಾಮೋದರ ಅಂಗೈಗಳನ್ನು ಮೇಜಿನ ಕೆಳಗಿಟ್ಟುಕೊಂಡು, ಶಿಕ್ಷೆ ಕೇಳಲು ನಿಂತವನಂತೆ ಕೂತಿದ್ದ.

"ನಿನಗೇನು ಅನ್ನಿಸ್ತು ಅಣ್ಣ?"

"ದೋಣಿಯ ಮೇಲೆ ನನ್ನ ಆಕ್ಷೇಪವಿಲ್ಲ. ಅದು ತಾನಾಗಿ ಎದ್ದು ನಿಂತಿತು. ಮಾರಬೇಕಾದ್ದು ಈ ಇಬ್ಬರು ಗಂಡಸರನ್ನು. ಆದರೆ ಕೊಳ್ಳುವವರು ಸಿಗಲಿಕ್ಕಿಲ್ಲ." ಸ್ವಲ್ಪ ತಡೆದು, ಕೇಳದಿದ್ದರೂ, ಇನ್ನೊಂದನ್ನು ಸೇರಿಸಿದೆ. "ಚುಕ್ಕಾಣಿ ಹಿಡಿದಾಗ ಇವನ ಮುಖ ನೀನು ನೋಡಿಲ್ಲ. ನಾನು ನೋಡಿದ್ದೇನೆ. ಅದೂ ಕಂಡದ್ದರಲ್ಲಿ ಸೇರುತ್ತದೆ."

ಕೆಳಗೆ ಹೆದ್ದಾರಿಯಲ್ಲಿ ಕಾರುಗಳು ಓಡುತ್ತಿದ್ದವು. ಸುಮತಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

"ಲಂಗರು ಹೋಯ್ತಾ?" ಎಂದು ಗಂಡನನ್ನು ಕೇಳಿದಳು.

"ಹೋಯ್ತು."

"ಹಾಗಾದ್ರೆ ಹೊಸದು ತರ್ಬೇಕಲ್ಲ." ಎದ್ದು ಅಡಿಗೆಮನೆಗೆ ನಡೆದವಳು ಬಾಗಿಲಲ್ಲಿ ತಿರುಗಿದಳು. "ಮುಂದಿನ ಸಲ ನಾನೂ ಬರ್ತೇನೆ. ಹಗ್ಗದ ಆ ಇನ್ನೊಂದು ತುದಿ ನಾನೇ ಕಟ್ತೇನೆ."

ದಾಮೋದರ ಮೇಜಿನ ಕೆಳಗಿನಿಂದ ಕೈ ತೆಗೆದ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಕಾರಿನಲ್ಲಿ ಕೂತು ಕಾಯಲಾರದೆ ಹೋದ ಹಮೀದ್. ಏನಾಯ್ತು ದಾಮೋದರಣ್ಣ, ಏನು ಸುದ್ದಿ ಎಂದು ಕೇಳುತ್ತಿದ್ದದ್ದು ನನಗೂ ಕೇಳಿಸಿತು.

ದಾಮೋದರ ಎದೆಗೆ ಕೈಯಿಟ್ಟ.

"ಸುದ್ದಿ ಏನೂ ಇಲ್ಲ ಹಮೀದ್. ಮೇಲೆ ಬಾ, ಕಾಫಿ ಉಂಟು."